ಕೀಲಿ ಕೊಟ್ಟ ಕೈ

ಪೇಂಟರ್ ಕರವಸ್ತ್ರದ ಗಂಟು ಬಿಚ್ಚಿ ಗಡಿಯಾರ ರಿಪೇರಿಯ ಮೇಜಿನ ಮೇಲೆ ಹರಡಿದಾಗ ಆ ಮನೆಯ ಮಗಳ ಕೈಯಲ್ಲಿದ್ದ ಚಿಮುಟ ಹಾಗೇ ನಿಂತಿತು. ಅವಳ ಅಪ್ಪನ ಜೇಬುಗಡಿಯಾರದಂಥದ್ದೇ ಇನ್ನೊಂದು, ಅದೇ ಕಂಪನಿ, ಅದೇ ಅಳತೆ. ಅಷ್ಟೇ ಆಗಿದ್ದರೆ ಹಿಗ್ಗುವಂಥದ್ದೇನೂ ಇರಲಿಲ್ಲ, ಅಂಥವು ಅವಳ ಡಬ್ಬಿ ತುಂಬ ಸತ್ತು ಬಿದ್ದಿದ್ದವು. ಇದು ಓಡುತ್ತಿತ್ತು!

ಕಣ್ಣು ಪೂರ್ತಿ ಹೋದ ಮೇಲೂ ಅಪ್ಪ ತನ್ನ ಗಡಿಯಾರದ ಗಾಜು ತೆಗೆಸಿ, ಮುಳ್ಳುಗಳನ್ನು ಬೆರಳ ತುದಿಯಲ್ಲಿ ಸವರಿ ಹೊತ್ತು ಹೇಳುತ್ತಿದ್ದ. ಅದು ಕೈಜಾರಿ ಬಿದ್ದು, ಒಳಗೆ ಅತ್ತಿತ್ತ ಜೀಕುವ ತೂಗುಚಕ್ರದ ಕೂದಲೆಳೆಯಂಥ ಅಚ್ಚು ಮುರಿದಂದಿನಿಂದ ಅವನಿಗೆ ಹಗಲೂ ರಾತ್ರಿಯೂ ಒಂದೇ. ಈಗಷ್ಟೇ ಉಂಡೆದ್ದು ಮತ್ತೆ ಊಟಕ್ಕೆ ಕೂರುತ್ತಿದ್ದ, ತಿಳಿದ ಮೇಲೆ ನಾಚಿ ಹಿಡಿಯಷ್ಟಾಗುತ್ತಿದ್ದ. ಆ ಅಚ್ಚಿಗಾಗಿ ಮಗಳು ಅಲೆಯದ ಗುಜರಿ ಅಂಗಡಿಯಿಲ್ಲ. ಸಿಕ್ಕ ಗಡಿಯಾರಗಳಲ್ಲೆಲ್ಲ ಮುರಿದದ್ದು ಅದೇ. ಅದು ಮುರಿದದ್ದಕ್ಕೇ ಅಲ್ಲವೇ ಜನ ಅವನ್ನು ಎಸೆದದ್ದು!

"ಮನೇಲಿ ಮೂಲೆಗೆ ಬಿದ್ದಿತ್ತು ಅಕ್ಕಾ, ಯಾರಿಗೂ ಬೇಡ. ನೀವು ಹುಡುಕ್ತಿದೀರಿ ಅಂತ ಕೇಳ್ದೆ," ಎಂದ ಪೇಂಟರ್.

"ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಮಗಳು ಹಿಂದಿನ ಮುಚ್ಚಳ ತೆಗೆದೇಬಿಟ್ಟಳು. ಏಳು ಸುತ್ತಿನ ಕೋಟೆಯೊಳಗೆ ರಾಜಕುಮಾರಿ ಉಯ್ಯಾಲೆಯಾಡುವ ಹಾಗೆ, ಮುರಿಯದ ಅಚ್ಚಿನ ಮೇಲೆ ತೂಗುಚಕ್ರ ತನ್ನ ಪಾಡಿಗೆ ತಾನು ಜೀಕುತ್ತಿತ್ತು.

"ಕೊಡಿಲ್ಲಿ." ಮೂಲೆಯ ಕುರ್ಚಿಯಿಂದ ಅಪ್ಪ ಕೈ ಚಾಚಿದ. ಮುಚ್ಚಳ ಹಾಕಿ ಕೊಟ್ಟಳು. ಕಿವಿಗಿಟ್ಟುಕೊಂಡವನ ಮುಖ ಮಗುವಿನಂತೆ ಅರಳಿತು. ಆಮೇಲೆ ಕೀಲಿ ಕೊಡುವ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಲು ನೋಡಿದ. ತಿರುಗಲಿಲ್ಲ.

"ಮೂಲೇಲಿ ಬಿದ್ದಿತ್ತು ಅಂದ್ಯಲ್ಲಪ್ಪಾ, ಕೀಲಿ ಹೇಗೆ ಭರ್ತಿ ಇದೆ? ಇವತ್ತು ಬೆಳಗ್ಗೆ ಕೊಟ್ಟಿದ್ದು."

"ನಾನಲ್ಲ ಯಜಮಾನ್ರೇ. ನಂಗೆ ಮೊಬೈಲ್ ಇದೆ."

"ಗಡಿಯಾರ ತನಗೆ ತಾನೇ ಕೀಲಿ ಕೊಟ್ಕೊಂಡಿದ್ದನ್ನ ನನ್ನ ಜನ್ಮದಲ್ಲಿ ಕಂಡಿಲ್ಲ."

ಪೇಂಟರ್ ಉಗುರಿಗಂಟಿದ ನೀಲಿ ಬಣ್ಣ ಕೆರೆಯತೊಡಗಿದ. "ನಮ್ಮಮ್ಮ ಇರ್ಬೇಕು. ನಮ್ಮಪ್ಪಂದು ಇದು. ಅವರು ತೀರ್ಕೊಂಡ ಮೇಲೂ ಕೊಡ್ತಾ ಇದ್ದಾಳೇನೋ... ನಾನು ನೋಡೇ ಇಲ್ಲ."

"ಕೇಳಿ ತಂದ್ಯಾ?"

ಪೇಂಟರ್ ತಲೆ ತಗ್ಗಿಸಿ ಖಾಲಿ ಕರವಸ್ತ್ರ ಮಡಚತೊಡಗಿದ. ಮಗಳೂ ತಲೆ ತಗ್ಗಿಸಿದಳು. ಓಡುವ ಗಡಿಯಾರದ ಹಿಂದೆ ಎಲ್ಲೋ ಒಂದು ಕೈ ಇದ್ದೇ ಇರುತ್ತದೆಂದು ಅವಳಿಗೆ, ಅಪ್ಪ ಗುಂಡಿ ಮುಟ್ಟುವ ಮೊದಲೇ, ಗೊತ್ತಿತ್ತು. ಗೊತ್ತಿದ್ದೂ ತುಟಿ ಪಿಟಕ್ಕೆಂದಿರಲಿಲ್ಲ.

"ತಗೊಂಡು ಹೋಗಪ್ಪಾ. ಎಲ್ಲಿತ್ತೋ ಅಲ್ಲೇ ಇಡು."

"ಅಪ್ಪಾ, ಮತ್ತೆ ನಿಂದು?" ಎಂದಳು ಮಗಳು.

"ನಂಗೇನು, ನೀನಿದೀಯಲ್ಲ. ಕೇಳಿದಾಗ ಹೊತ್ತು ಹೇಳು. ಸಿಡುಕದೆ ಹೇಳು, ಅಷ್ಟೇ."

ಅವಳು ಗಡಿಯಾರವನ್ನು ಕೈಗೆ ತೆಗೆದುಕೊಂಡು ಗೋಡೆ ಗಡಿಯಾರದ ಕಡೆ ನೋಡಿದಳು. ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. "ಏಳು ನಿಮಿಷ ಮುಂದೆ ಓಡ್ತಿದೆ. ಸರಿ ಮಾಡಿಯಾದ್ರೂ ಕೊಡ್ತೀನಿ ತಾಳಿ," ಎನ್ನುತ್ತ ಮುಳ್ಳು ಹಿಂದೆ ಸರಿಸಲು ಗುಂಡಿಗೆ ಉಗುರು ಹಾಕಿದಳು.

ಅಪ್ಪ ತಡಕಾಡಿ ಅವಳ ಕೈ ಹಿಡಿದ.

"ಮುಟ್ಟಬೇಡ ಮಗಳೇ. ಆಯಮ್ಮನ ಮನೇಲಿ ಈಗ ಇದರಲ್ಲಿರೋಷ್ಟೇ ಗಂಟೆ."