ಬಾಯೊಳಗಿನ ಮರಿಗಳು

ಹೂಕುಂಡದಲ್ಲಿ ನಿಂತ ಪಾಚಿನೀರಿನ ವಾಸನೆ ಬಂದರೆ ಇವತ್ತಿಗೂ ಪರದೇಶದ ಇಂಡೂರೂಪಿಲ್ಲಿಯ ನಮ್ಮ ಹಿತ್ತಲು ಕಣ್ಣೆದುರು ನಿಲ್ಲುತ್ತದೆ. ಅಲ್ಲಿ ಹಳೆಯ ಬಾತ್‌ಟಬ್ಬಿನಲ್ಲಿ ಅಪ್ಪ ಸಾರಿಗೆಂದು ತಿಲಾಪಿಯಾ ಮೀನು ಸಾಕಿದ್ದರು. ಅಮ್ಮ ಬಸುರಿಯಾದ ಮೇಲೆ ಅಜ್ಜಿ ಅವನ್ನು ಮುಟ್ಟಗೊಡಲಿಲ್ಲ.

"ಹೆಂಡ್ತಿ ಬಸುರಿ ಇರೋವಾಗ ಗಂಡ ಜೀವ ತೆಗೀಬಾರ್ದು ಕಣೋ. ಹುಟ್ಟೋ ಮಗೂಗೆ ಊನ ಆಗತ್ತೆ."

ಅಪ್ಪ ಆಸ್ಪತ್ರೆಯ ಡಾಕ್ಟರು. ನಕ್ಕರು, ಆದರೆ ಚಾಕು ಎತ್ತಲಿಲ್ಲ. ಮೀನುಗಳು ಟಬ್ಬು ತುಂಬ ಹೆಚ್ಚಿದವು.

ಒಂದು ಮಧ್ಯಾಹ್ನ ಸರ್ಕಾರದವನೊಬ್ಬ ಬಂದ. ಈ ಮೀನು ಸಾಕುವುದು ಅಪರಾಧ, ಹೊಳೆ ಸೇರಿದರೆ ಬೇರೆ ಮೀನು ಉಳಿಯುವುದಿಲ್ಲ, ಈಗಲೇ ನನ್ನೆದುರು ಕೊಲ್ಲಿ ಎಂದ.

ಅಜ್ಜಿ ಚಾಕುವಿಗೆ ಕೈಚಾಚಿದಳು. "ನಾನು ಮಾಡ್ತೀನಿ. ನೀನು ಒಳಗ್ ಹೋಗು."

"ಸುಮ್ನಿರಮ್ಮಾ. ಅವನು ನನ್ನನ್ನೇ ನೋಡ್ತಿದಾನೆ," ಎಂದರು ಅಪ್ಪ.

ಒಂದೊಂದನ್ನೇ ಹಲಗೆಯ ಮೇಲಿಟ್ಟು ಕೊಂದರು. ಕೊನೆಗೆ ಹಿಡಿದ ದೊಡ್ಡ ಮೀನು ಬಾಯಲ್ಲಿ ಬಚ್ಚಿಟ್ಟುಕೊಂಡಿದ್ದ ಮರಿಗಳು ಎಳ್ಳುಕಾಳಿನ ಹಾಗೆ ಹಲಗೆಯ ಮೇಲೆ ಚೆಲ್ಲಿ ಮಿಡುಕಿದವು.

"ಡ್ಯಾಡ್, ಬೇಬೀಸ್!" ಎಂದು ಚೀರಿದೆ.

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಅಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ತಮ್ಮ ಹುಟ್ಟಿದಾಗ, ಅವನು ಗಂಡೋ ಹೆಣ್ಣೋ ಎಂದು ನೋಡುವ ಮೊದಲೇ ಅಪ್ಪ ಅವನ ಬಾಯಿ ಬಿಡಿಸಿ ನೋಡಿದರಂತೆ.