ಗೋಡೆಯ ಮೇಲಿನ ಕೊಂಬೆ

ಟರ್ಕಿ ಕೋಳಿ ಮತ್ತೊಮ್ಮೆ ಹಾರಿತು. ಗೋಡೆಗೆ ಬಡಿದು ಧೊಪ್ಪನೆ ಮರಳಿಗೆ ಬಿತ್ತು.

"ನೋಡಿ ದುಗ್ಗಣ್ಣ, ನೀವು ಬರೆದ ಕೊಂಬೆಗೇ ಹಾರುವುದು ಅದು," ಎಂದ ಹಕ್ಕಿಗಳಿಗೆ ಮೇವು ಹಾಕುವ ಅಝರ್. "ಕತ್ತಲಾಗುವಾಗ ಮೇಲೆ ಹತ್ತಿ ಮಲಗಬೇಕು ಅದಕ್ಕೆ. ಈ ಪಂಜರದಲ್ಲಿ ಮೇಲೆ ಎಂತ ಉಂಟು?"

ದುಗ್ಗುವಿನ ಕೈಯಲ್ಲಿದ್ದ ಬ್ರಷ್ ನಿಂತಿತು. ಗಲ್ಫ್ ನಾಡಿನ ಅಲ್ ರಯ್ಯಾನಿನ ಈ ಫಾರ್ಮಿಗೆ ರಜಾದಿನ ಜನ ಟಿಕೆಟ್ ಕೊಂಡು ಹಕ್ಕಿ ನೋಡಲು ಬರುತ್ತಾರೆ. ಪಂಜರದ ಹಿಂದಿನ ಗೋಡೆಗೆ ಅಮೆರಿಕದ ಕಾಡು ಬರೆದವನು ಅವನೇ. ಊರಿನಲ್ಲಿ ನಾಟಕದ ಪರದೆ ಬರೆದು ಪಳಗಿದ ಕೈ. ಮುಟ್ಟಿದರೆ ತೊಗಟೆ ತರಚೀತು ಅನ್ನುವ ಹಾಗೆ ಕೊಂಬೆ ಮೂಡಿಸಿ, ಎಲ್ಲರಿಂದ ಹೊಗಳಿಸಿಕೊಂಡಿದ್ದ. ಈಗ ಆ ಕೊಂಬೆಯ ಮೇಲೆ ರಕ್ತದ ಗೀರು.

ಅವನು ನೆಟ್ಟಗೆ ಆಫೀಸಿಗೆ ನುಗ್ಗಿದ. ಮ್ಯಾನೇಜರ್ ಯಜ್ಞೇಶ್ ತನ್ನ ದೊಡ್ಡ ಮರದ ಕುರ್ಚಿಯಲ್ಲಿ ಒರಗಿದ್ದ.

"ಸರ್, ಒಂದು ನಿಜವಾದ ಕೊಂಬೆ ಹಾಕಿಸಿ. ಫಾರ್ಮಿನ ಹಿಂಬದಿಯಲ್ಲಿ ಕಡಿದ ಬೇವು ಬಿದ್ದುಕೊಂಡುಂಟು. ನಾನೇ ಕಟ್ತೇನೆ."

"ಬೇಡ ದುಗ್ಗಣ್ಣ. ಅದು ಮೇಲೆ ಹೋಗಿ ಕೂತರೆ ಜನರಿಗೆ ಫೋಟೋ ಸಿಗುವುದಿಲ್ಲ."

"ಮರದ ಮೇಲೆ ಮಲಗುವ ಕಾಡುಹಕ್ಕಿ ಅಂತ ಬೋರ್ಡಿನಲ್ಲಿ ನೀವೇ ಬರೆಸಿದ್ದಲ್ವಾ?"

"ಬೋರ್ಡ್ ಇರುವುದು ಓದ್ಲಿಕ್ಕೆ ಮಾರಾಯ್ರೆ!"

"ಮುಖ ಒಡೆದುಕೊಳ್ತಾ ಉಂಟು ಸರ್ ಅದು!"

"ಎರಡು ದಿನ. ಮತ್ತೆ ಅಭ್ಯಾಸ ಆಗ್ತದೆ. ನೋಡ್ಲಿಕ್ಕೆ ಮರ ಉಂಟಲ್ಲ, ಒಂದು ಕೋಳಿಗೆ ಅಷ್ಟು ಸಾಕು. ಖಲಾಸ್." ಗೇಟಿನಲ್ಲಿ ಮಾಲೀಕರ ಕಾರಿನ ಹಾರ್ನ್ ಕೇಳಿಸಿತು. ಯಜ್ಞೇಶ್ ಅಂಗಿ ಸರಿಮಾಡಿಕೊಳ್ಳುತ್ತ ಓಡಿದ.

ದುಗ್ಗು ಅಲ್ಲೇ ನಿಂತ. ನಾಟಕದ ಪರದೆ ಬರೆದು ಜನರನ್ನು ನಂಬಿಸಿದ್ದುಂಟು. ಅವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ನಂಬಿದ ಜೀವಕ್ಕೆ ಹೋಗಲು ಮನೆಯೇ ಇಲ್ಲದಂತೆ ಮಾಡಿದ್ದು ಇದೇ ಮೊದಲು. ಅವನು ಬಣ್ಣದ ಡಬ್ಬಿಗಳನ್ನು ತಂದ. "ಅಝರ್, ಬಾ, ಒಂದು ಕೈ ಕೊಡು," ಎಂದ.

ಮಾಲೀಕರನ್ನು ಕಳಿಸಿ ಬಂದ ಯಜ್ಞೇಶ್ ಬಾಗಿಲಲ್ಲೇ ಥಟ್ಟನೆ ನಿಂತ. ಮೇಜಿನ ಹಿಂದೆ ನೆಲ ಖಾಲಿ. ಗೋಡೆಯ ಮೇಲೆ ಹಸಿ ಬಣ್ಣದಲ್ಲಿ ಅವನ ಕುರ್ಚಿ, ನಾಲ್ಕು ಕಾಲು, ನೆರಳು ಸಮೇತ. ಕಿಟಕಿಯಾಚೆ ಪಂಜರದಲ್ಲಿ ನಿಜವಾದ ಕುರ್ಚಿಯ ಬೆನ್ನೇರಿ ಟರ್ಕಿ ಕೋಳಿ ಕಾಲು ಮಡಚಿ ಕೂತಿತ್ತು.

"ಎಂತದಿದು? ನಾನು ಎಲ್ಲಿ ಕೂತುಕೊಳ್ಳುವುದು?"

ದುಗ್ಗು ಬ್ರಷ್ ಒರೆಸುತ್ತ ಹೇಳಿದ:

"ನೋಡ್ಲಿಕ್ಕೆ ಕುರ್ಚಿ ಉಂಟಲ್ಲ ಸರ್. ಎರಡು ದಿನ. ಮತ್ತೆ ಅಭ್ಯಾಸ ಆಗ್ತದೆ."