ನೀಲಕ್ಕ ಕೇಳಿದ ಫೀಸು

ನೀಲಕ್ಕ ಅಂದರೆ ನಮ್ಮ ಕಡೆಯ ಪೊಲೀಸರಿಗೆ ತಲೆನೋವು!

ಯಾರನ್ನಾದರೂ ಸುಮ್ಮಸುಮ್ಮನೆ ಲಾಕಪ್ಪಿಗೆ ಹಾಕಿದರೆ ಸಾಕು... ಈ ವಕೀಲೆ ಕರಿ ಕೋಟು ಹಾಕಿಕೊಂಡು ಸ್ಟೇಷನ್ ಬಾಗಿಲಲ್ಲಿ ಹಾಜರ್.

ಅವರೂ ಜೈಲು ಕಂಡವರೇ. ಕಾಲೇಜಿನಲ್ಲಿದ್ದಾಗ ಸರ್ಕಾರದ ವಿರುದ್ಧ ಘೋಷಣೆ ಕೂಗಿದ್ದಕ್ಕೆ ಒಳಗೆ ಹಾಕಿದ್ದರು.

ಆ ಜೈಲಲ್ಲಿ ಒಂದು ಪದ್ಧತಿ... ಜೈಲರ್ ಬಂದರೆ ಕೈದಿಗಳೆಲ್ಲ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಬೇಕು.

ನೀಲಕ್ಕ ಮಾತ್ರ ನಿಂತೇ ಇರುತ್ತಿದ್ದರು. ಅದಕ್ಕೆ ಏಟು, ಕತ್ತಲ ಕೋಣೆ, ಊಟ ಬಂದ್!

ಈಗ ಅವರ ಕೂದಲು ನೆರೆತಿದೆ. ಒಂದು ದಿನ ಬೆಳಿಗ್ಗೆ ಅವರ ಆಫೀಸಿಗೆ ಒಬ್ಬ ಮುದುಕ ಬಂದ...

ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ಜೈಲರ್, ಕಲಕೇರಿ!

"ನನ್ನ ಮೊಮ್ಮಗಳು ಪಲ್ಲವಿ... ಕುಡಿಯೂ ನೀರಿಗಾಗಿ ಧರಣಿ ಕುಂತಿದ್ದಳ್ರೀ. ಮೊನ್ನೆ ಹಿಡಕೊಂಡು ಹೋಗ್ಯಾರ, ಇನ್ನೂ ಕೋರ್ಟಿಗೆ ಹಾಜರ್ ಮಾಡಿಲ್ಲ. ಯಾವ ವಕೀಲರೂ ಬರವೊಲ್ಲರು..."

ಹೇಳುತ್ತಲೇ ಮುದುಕ ನೀಲಕ್ಕನ ಮುಂದೆ ಕುಕ್ಕರಗಾಲಲ್ಲಿ ಕುಸಿದ.

ನೀಲಕ್ಕ ಗುಡುಗಿದರು. "ಏಳ್ರೀ ಮ್ಯಾಲ! ನನ್ನ ಮುಂದ ಯಾರೂ ಹಂಗ ಕುಂದ್ರೂದು ಬ್ಯಾಡ. ನೀವೂ ಬ್ಯಾಡ!"

"ನನ್ನ ಕ್ಷಮಿಸಿಬಿಡವ್ವಾ..."

"ಕ್ಷಮಾ ಗಿಮಾ ಇಲ್ಲ. ಕೇಸ್ ನಡಸ್ತೀನಿ. ನನ್ನ ಫೀಸು ಒಂದ... ನನಗ ನೀವು ಏನೇನ ಮಾಡಿದ್ರಿ ಅನ್ನೂದನ್ನ ನಿಮ್ಮ ಬಾಯಿಲೇ ಮೊಮ್ಮಗಳಿಗೆ ಹೇಳಬೇಕು."

ಮುದುಕನ ಮುಖ ಸಪ್ಪಗಾಯಿತು. ಆ ಹುಡುಗಿಗೆ ಅಜ್ಜ ಅಂದರೆ ದೇವರು! ಆದರೂ ತಲೆಯಾಡಿಸಿದ.

ಮುಂದೆ ಕೇಳಬೇಕೆ? ನೀಲಕ್ಕ ಸ್ಟೇಷನ್ನಿಗೆ ನುಗ್ಗಿದರು.

"ಇಪ್ಪತ್ನಾಕು ತಾಸಿನ್ಯಾಗ ಕೋರ್ಟಿಗೆ ಹಾಜರ್ ಮಾಡಬೇಕು ಅನ್ನೂದು ಗೊತ್ತಿಲ್ಲೇನ್ರಿ? ಈಗ ಆ ಹುಡುಗಿನ್ನ ಕರಕೊಂಡು ಬರ್ತೀರೋ... ಜಡ್ಜ್ ಮುಂದ ನಿಮ್ಮನ್ನ ನಿಲ್ಲಿಸಲೋ?"

ಇನ್ಸ್‌ಪೆಕ್ಟರ್ ಬೆವತುಹೋದ. ಸಂಜೆಯೊಳಗೆ ಪಲ್ಲವಿಗೆ ಬೇಲ್ ಸಿಕ್ಕಿತು.

ಕೋರ್ಟಿನ ಮೆಟ್ಟಿಲ ಮೇಲೆ ಮುದುಕ ಫೀಸು ಕೊಟ್ಟ. ನೀಲಕ್ಕನನ್ನು ಕುಕ್ಕರಗಾಲಲ್ಲಿ ಕೂರಿಸಲು ಕೊಟ್ಟ ಏಟು, ಕತ್ತಲ ಕೋಣೆ, ಉಪವಾಸ ಕೆಡವಿದ್ದು... ಒಂದನ್ನೂ ಮುಚ್ಚಿಡಲಿಲ್ಲ.

ಪಲ್ಲವಿ ಹಿಡಿದುಕೊಂಡಿದ್ದ ಅಜ್ಜನ ಕೈ ಬಿಟ್ಟಳು.

ನೀಲಕ್ಕನ ಕಡೆ ತಿರುಗಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು...

"ಕಡೀಗೆ ಅವರು ಕುಂತರೇನಜ್ಜಾ?"

ಮುದುಕ ಬಿಕ್ಕಿ ಬಿಕ್ಕಿ ಅತ್ತ. "ಇಲ್ಲವ್ವಾ... ನಾನ ಸೋತೆ. ಅವರು ಕುಂದರಲೇ ಇಲ್ಲ!"

*ಹಕ್ಕು ನಮ್ಮವರಿಗೆ ಮಾತ್ರ ಅಲ್ಲ... ನಮ್ಮನ್ನು ತುಳಿದವರ ಮಕ್ಕಳಿಗೂ ಅಷ್ಟೇ ಇದೆ.*

ನಿಮ್ಮನ್ನು ನೋಯಿಸಿದವರ ಮನೆಯವರಿಗೆ ಅನ್ಯಾಯವಾದರೆ ನೀವು ಅವರ ಪರವಾಗಿ ನಿಲ್ಲುತ್ತೀರಾ? ಎದೆ ಮುಟ್ಟಿಕೊಂಡು ಹೇಳಿ...